ಒಂದೇ ರಕ್ತ, ಬೇರೆ ಬೇರೆ ಗಡಿಯಾರ: ಬುರುಡೆ, ದವಡೆ, ಹಲ್ಲುಗಳನ್ನು ಹಾರ್ಮೋನುಗಳು ರೂಪಿಸುವ ಬಗೆ

ಬೆಳವಣಿಗೆಯ ಹಾರ್ಮೋನು ಸಾಕಷ್ಟು ಸ್ರವಿಸದ ಹತ್ತು ವರ್ಷದ ಮಗುವಿನ ಎರಡು ಎಕ್ಸ್‌ರೇಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮಣಿಕಟ್ಟಿನ ಎಲುಬುಗಳು ವಯಸ್ಸಿಗಿಂತ ಹಲವು ವರ್ಷ ಹಿಂದೆ ಬಿದ್ದಿರುತ್ತವೆ. ದವಡೆಯೊಳಗೆ ಬೆಳೆಯುತ್ತಿರುವ ಹಲ್ಲುಗಳೂ ಹಿಂದೆ ಬಿದ್ದಿರುತ್ತವೆ, ಆದರೆ ಅಷ್ಟಲ್ಲ, ಅದಕ್ಕಿಂತ ತೀರಾ ಕಡಿಮೆ. ಇನ್ನು ತಲೆಯ ಮೇಲ್ಭಾಗ ನೋಡಿದರೆ ಹೆಚ್ಚುಕಡಿಮೆ ವಯಸ್ಸಿಗೆ ತಕ್ಕಷ್ಟೇ ದೊಡ್ಡದು. ಹಣೆ ಮುಂದೆ ಬಂದಂತೆ, ಮುಖ ಪುಟ್ಟದಾದಂತೆ, ಗದ್ದ ಒಳಗೆ ಸರಿದಂತೆ ಕಾಣುವುದು ಈ ಅಸಮತೆಯಿಂದ. ಹರಿಯುವ ರಕ್ತ ಒಂದೇ, ಕೊರತೆಯೂ ಒಂದೇ. ಆದರೂ ಬುರುಡೆ, ದವಡೆ, ಹಲ್ಲು ಮೂರೂ ಅದಕ್ಕೆ ಮೂರು ಬಗೆಯಲ್ಲಿ ಸ್ಪಂದಿಸಿವೆ.

ಈ ಮೂರು ಬಗೆಯನ್ನು ಬಿಡಿಸಿ ಹೇಳುವ ಅಗತ್ಯ ಈಗ ಹೆಚ್ಚಾಗಿದೆ. ಒಂದು ಕಡೆ, ಟೆಸ್ಟೋಸ್ಟೆರಾನ್ ಏರಿಸಿಕೊಂಡರೆ ದವಡೆ ಚೌಕವಾಗುತ್ತದೆ ಎಂದು ಹದಿಹರೆಯದ ಹುಡುಗರಿಗೆ ಹೇಳುವ ವಿಡಿಯೋಗಳ ಮಳೆ. ಇನ್ನೊಂದು ಕಡೆ, ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಮಕ್ಕಳ ಹಲ್ಲು ಕೆಡಿಸುತ್ತಿವೆ ಎಂಬ ಆತಂಕ. ಎರಡರಲ್ಲೂ ಒಂದೇ ತಪ್ಪು ಕಲ್ಪನೆ ಇದೆ: ಹಾರ್ಮೋನು ಅಂದರೆ ನಲ್ಲಿ, ಹೆಚ್ಚು ತಿರುಗಿಸಿದರೆ ಹೆಚ್ಚು ಬೆಳವಣಿಗೆ. ವಾಸ್ತವದಲ್ಲಿ ಪ್ರಮಾಣದಷ್ಟೇ, ಅನೇಕ ಸಲ ಅದಕ್ಕಿಂತಲೂ ಮುಖ್ಯವಾದದ್ದು ಕಾಲ. ಯಾವ ಜೀವಕೋಶ, ಯಾವ ಗ್ರಾಹಕವನ್ನು (ಸಂಕೇತವನ್ನು ಹಿಡಿಯುವ ಪ್ರೋಟೀನನ್ನು) ಹೊತ್ತು, ಯಾವ ವಯಸ್ಸಿನಲ್ಲಿ ಆ ಸಂಕೇತಕ್ಕೆ ಕಾದಿತ್ತು ಎಂಬುದನ್ನು ಬಿಟ್ಟು ಬರೀ ರಕ್ತದ ಅಂಕಿಯನ್ನು ಓದಿದರೆ ಏನೂ ಅರ್ಥವಾಗದು.

ನಕ್ಷೆ ಹಾರ್ಮೋನಿನದಲ್ಲ

ಮೊದಲು ಹಾರ್ಮೋನುಗಳು ಏನನ್ನು ಮಾಡುವುದಿಲ್ಲ ಎಂಬುದನ್ನು ಹೇಳಿಬಿಡಬೇಕು. ಭ್ರೂಣದ ನಾಲ್ಕನೇ ವಾರದ ಹೊತ್ತಿಗೆ, ಮಿದುಳಾಗಲಿರುವ ನಳಿಕೆಯ ಅಂಚಿನಿಂದ ಹೊರಟ ನ್ಯೂರಲ್ ಕ್ರೆಸ್ಟ್ ಜೀವಕೋಶಗಳು ಮುಖದ ಜಾಗಕ್ಕೆ ವಲಸೆ ಬರುತ್ತವೆ. ಮುಖದ ಬಹುಪಾಲು ಎಲುಬು, ಹಲ್ಲಿನ ಗಟ್ಟಿ ಒಳಪದರವಾದ ಡೆಂಟಿನ್, ತಿರುಳು ಎಲ್ಲಕ್ಕೂ ಮೂಲ ಇವೇ. ನಾಲ್ಕರಿಂದ ಏಳನೇ ವಾರದೊಳಗೆ ಮೇಲ್ದುಟಿ ಕೂಡಿಕೊಳ್ಳುತ್ತದೆ. ಆರನೇ ವಾರಕ್ಕೆ ಹಾಲುಹಲ್ಲುಗಳ ಮೊಗ್ಗಿನ ಪಟ್ಟಿ ಕಾಣಿಸಿಕೊಳ್ಳುತ್ತದೆ. ಹನ್ನೆರಡನೇ ವಾರದ ಆಸುಪಾಸಿನಲ್ಲಿ ಅಂಗುಳ ಮುಚ್ಚುತ್ತದೆ. ಭ್ರೂಣದ ಥೈರಾಯ್ಡ್ ಹಾರ್ಮೋನು ತಯಾರಿಸಲು ಶುರುಮಾಡುವುದೇ ಹತ್ತರಿಂದ ಹನ್ನೆರಡನೇ ವಾರದಲ್ಲಿ. ಗಣನೀಯ ಪ್ರಮಾಣ ಬರಲು ಹದಿನೆಂಟು ಇಪ್ಪತ್ತು ವಾರ ಬೇಕು. ಅಂದರೆ ಮುಖದ ನಕ್ಷೆ ಮುಗಿದ ಮೇಲೆ ಮಗುವಿನ ಸ್ವಂತ ಗ್ರಂಥಿಗಳು ಕೆಲಸಕ್ಕೆ ಇಳಿಯುತ್ತವೆ.

ನಕ್ಷೆ ಬರೆಯುವುದು ಪಕ್ಕದ ಜೀವಕೋಶಕ್ಕೆ ಪಕ್ಕದ ಜೀವಕೋಶ ಕಳಿಸುವ ಸ್ಥಳೀಯ ಸಂಕೇತಗಳು: ಸೋನಿಕ್ ಹೆಜ್‌ಹಾಗ್, ಬಿಎಂಪಿ, ಎಫ್‌ಜಿಎಫ್, ಡಬ್ಲ್ಯುಎನ್‌ಟಿ. ಎಷ್ಟು ಹಲ್ಲು, ಎಲ್ಲಿ ಬಾಚಿಹಲ್ಲು, ಎಲ್ಲಿ ದವಡೆಹಲ್ಲು ಎಂಬ ತೀರ್ಮಾನ ಇವುಗಳದು. ಹಲ್ಲು ಮತ್ತೆ ಚಿಗುರಿಸುವ ಔಷಧ ಎಂದು ಸುದ್ದಿಯಾಗಿ, 2024ರಲ್ಲಿ ಜಪಾನಿನ ಕ್ಯೋಟೋದಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಬಂದ ಪ್ರತಿಕಾಯವೂ ಹಾರ್ಮೋನಲ್ಲ. ಬಿಎಂಪಿ ಸಂಕೇತಕ್ಕೆ ಕಡಿವಾಣ ಹಾಕುವ ಯುಎಸ್‌ಎಜಿ-1 ಎಂಬ ಪ್ರೋಟೀನನ್ನು ಅದು ತಡೆಯುತ್ತದೆ. ಹಲ್ಲು ಹುಟ್ಟದೇ ಇರುವುದಕ್ಕೂ ಹುಟ್ಟಿದ ಹಲ್ಲು ಮೇಲೆ ಬಾರದೇ ಇರುವುದಕ್ಕೂ ವ್ಯತ್ಯಾಸ ಬಹಳ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಸ್ಥಳೀಯ ಸಂಕೇತದ ಜೀನು ಕೆಟ್ಟಿರುತ್ತದೆ. ಎರಡನೆಯದರಲ್ಲಿ ಹಾರ್ಮೋನಿನ ಕಡೆ ನೋಡಲು ಕಾರಣವಿದೆ.

ನಕ್ಷೆಯ ಹಂತದಲ್ಲೇ ಕೈಹಾಕುವ ಒಂದು ಅಪವಾದ ಇದೆ, ರೆಟಿನಾಯಿಕ್ ಆಮ್ಲ. ವಿಟಮಿನ್ ಎ ಇಂದ ಹುಟ್ಟುವ ಇದು ಗ್ರಂಥಿಯಿಂದ ಬರುವುದಿಲ್ಲವಾದರೂ ಥೈರಾಯ್ಡ್ ಹಾರ್ಮೋನಿನಂತೆಯೇ ಜೀವಕೋಶದ ಬೀಜದೊಳಗಿನ ಗ್ರಾಹಕವನ್ನು ಹಿಡಿದು ಜೀನುಗಳನ್ನು ಏಳಿಸುತ್ತದೆ, ಮಲಗಿಸುತ್ತದೆ. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆ ಗರ್ಭದ ಮೊದಲ ವಾರಗಳಲ್ಲಿ ದೇಹದಲ್ಲಿದ್ದರೆ ಮಗುವಿಗೆ ಕಿವಿ ಇಲ್ಲದಿರುವುದು ಅಥವಾ ತೀರಾ ಚಿಕ್ಕದಾಗಿರುವುದು, ಕೆಳದವಡೆ ಕಿರಿದಾಗುವುದು, ಅಂಗುಳ ಸೀಳಿರುವುದು, ಹೃದಯದ ದೋಷ ಇವೆಲ್ಲ ಬರುವ ಅಪಾಯ ಬಹಳ ದೊಡ್ಡದು. ವಲಸೆ ಹೊರಟ ನ್ಯೂರಲ್ ಕ್ರೆಸ್ಟ್ ಜೀವಕೋಶಗಳು ದಾರಿಯಲ್ಲೇ ಕೆಡುವುದು ಇದಕ್ಕೆ ಕಾರಣ. ಆದ್ದರಿಂದಲೇ ಈ ಮಾತ್ರೆಗೆ ಮುನ್ನ ಗರ್ಭಪರೀಕ್ಷೆ, ಮಾತ್ರೆ ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳ ಗರ್ಭನಿರೋಧ ಎಂಬ ನಿಯಮ. ಇದರಲ್ಲಿ ಯಾವ ಸಡಿಲಿಕೆಯೂ ಸಲ್ಲದು.

ಥೈರಾಯ್ಡ್: ಬೇಗ ಮುಚ್ಚಬಾರದು, ತಡವಾಗಿ ತೆರೆದಿರಲೂಬಾರದು

ಒಂದು ಹಾರ್ಮೋನು ತಲೆಯನ್ನೇ ಮರುಕಟ್ಟುವುದನ್ನು ನೋಡಬೇಕಾದರೆ ಗೊದಮೊಟ್ಟೆಯನ್ನು ನೋಡಬೇಕು. 1912ರಲ್ಲಿ, ಥೈರಾಯ್ಡ್ ಗ್ರಂಥಿಯ ತುಣುಕು ತಿಂದ ಗೊದಮೊಟ್ಟೆಗಳು ಕಾಲಕ್ಕೆ ಮುಂಚೆಯೇ ಪುಟ್ಟ ಕಪ್ಪೆಗಳಾದವು ಎಂದು ವರದಿಯಾಯಿತು. ಪಾಚಿ ಕೆರೆಯಲು ಇದ್ದ ಗಟ್ಟಿ ಕೊಕ್ಕು ಉದುರಿ, ಮೃದ್ವಸ್ಥಿಯ ಚೌಕಟ್ಟು ಮರುರೂಪಗೊಂಡು, ಹುಳ ಹಿಡಿಯುವ ಅಗಲ ಬಾಯಿ ಬರುವುದೆಲ್ಲ ಈ ಒಂದು ಹಾರ್ಮೋನಿನ ಏರಿಕೆಯಿಂದ. ಚಪ್ಪಟೆ ಮೀನುಗಳಲ್ಲಿ ಇನ್ನೂ ಬೆರಗಿನ ಸಂಗತಿ ನಡೆಯುತ್ತದೆ: ಮರಿಯಲ್ಲಿ ಎರಡೂ ಪಕ್ಕಕ್ಕಿದ್ದ ಕಣ್ಣುಗಳಲ್ಲಿ ಒಂದು ತಲೆಯನ್ನು ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ, ಬುರುಡೆಯೇ ತಿರುಚಿಕೊಳ್ಳುತ್ತದೆ. ಥೈರಾಯ್ಡ್ ಹಾರ್ಮೋನು ತಡೆದರೆ ಕಣ್ಣು ಹೊರಡುವುದೇ ಇಲ್ಲ.

ಮನುಷ್ಯನಲ್ಲಿ ರೂಪಾಂತರ ಇಲ್ಲ, ಆದರೆ ಅದೇ ಸಂಕೇತ ಇದೆ. ಗ್ರಂಥಿ ಸುರಿಸುವುದು ಬಹುಪಾಲು ಟಿ4. ಅಂಗಾಂಶದಲ್ಲಿರುವ ಕಿಣ್ವಗಳು ಅದರಿಂದ ಒಂದು ಅಯೋಡಿನ್ ಕಳಚಿ ಕೆಲಸ ಮಾಡಬಲ್ಲ ಟಿ3 ಮಾಡುತ್ತವೆ, ಬೇಡದ ಕಡೆ ಬೇರೆ ಕಿಣ್ವ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಎಲುಬಿನಲ್ಲಿ ಟಿ3 ಹಿಡಿಯುವ ಮುಖ್ಯ ಗ್ರಾಹಕ ಆಲ್ಫಾ ಬಗೆಯದು. ಮೃದ್ವಸ್ಥಿಯ ಜೀವಕೋಶಗಳು ಹಿಗ್ಗಿ, ಪಕ್ವವಾಗಿ, ಎಲುಬಿಗೆ ಜಾಗ ಬಿಟ್ಟುಕೊಡಬೇಕಾದರೆ ಈ ಸಂಕೇತ ಬೇಕು. ಬುರುಡೆಯ ಎಲುಬುಗಳು ಕೂಡುವ ಗೆರೆಗಳಾದ ಹೊಲಿಗೆಗಳ ಅಂಚಿನಲ್ಲಿ ಎಲುಬು ಕಟ್ಟುವ ವೇಗವೂ ಇದರ ಹತೋಟಿಯಲ್ಲಿದೆ.

ಹುಟ್ಟುತ್ತಲೇ ಥೈರಾಯ್ಡ್ ಕೊರತೆ ಇದ್ದು ಚಿಕಿತ್ಸೆ ಸಿಗದ ಮಗುವಿನಲ್ಲಿ ಅದಕ್ಕೇ ಹಿಂಬದಿಯ ನೆತ್ತಿ ಎರಡು ತಿಂಗಳಿಗೆ ಮುಚ್ಚದೆ ಅಗಲವಾಗಿ ಉಳಿಯುತ್ತದೆ, ಮುಂದಿನ ನೆತ್ತಿ ಒಂದೂವರೆ ಎರಡು ವರ್ಷ ದಾಟಿದರೂ ಮೆತ್ತಗಿರುತ್ತದೆ. ಹೊಲಿಗೆಗಳ ನಡುವೆ ವರ್ಮಿಯನ್ ಎಂಬ ಚೂರು ಎಲುಬುಗಳು ಮೂಡುತ್ತವೆ. ಬುರುಡೆಯ ತಳ ಉದ್ದವಾಗದೆ ಮೂಗಿನ ಸೇತುವೆ ಕುಸಿದಂತಿರುತ್ತದೆ. ನಾಲಿಗೆ ದಪ್ಪ, ಹಲ್ಲು ತಡ. ತದ್ವಿರುದ್ಧವಾಗಿ ಹಾರ್ಮೋನು ಅತಿಯಾದ ಶಿಶುವಿನಲ್ಲಿ ಹೊಲಿಗೆಗಳು ಅಕಾಲದಲ್ಲಿ ಬೆಸೆದುಕೊಳ್ಳಬಹುದು, ಹಲ್ಲು ಬೇಗ ಬರಬಹುದು. ತಾಯಿಗೆ ಥೈರಾಯ್ಡ್ ಅತಿಯಾಗಿ ಸ್ರವಿಸುವ ಗ್ರೇವ್ಸ್ ಕಾಯಿಲೆ ಇದ್ದು ಅವಳ ಪ್ರತಿಕಾಯಗಳು ಮಗುವಿಗೆ ದಾಟಿದಾಗ ಹೀಗಾಗುವುದುಂಟು. ಕೊರತೆಗೆಂದು ಕೊಟ್ಟ ಔಷಧವೇ ಹೆಚ್ಚಾದಾಗಲೂ ಆಗಿರುವುದು ವರದಿಯಾಗಿದೆ.

ಹಾಗಾಗಿ ಚಿಕಿತ್ಸೆಯ ವಿವರಗಳಲ್ಲಿ ನಿಖರತೆ ಬೇಕು. ಹುಟ್ಟಿ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಪರೀಕ್ಷೆ. ಕೊರತೆ ಖಚಿತವಾದರೆ ಎರಡು ವಾರದೊಳಗೆ ಲೆವೊಥೈರಾಕ್ಸಿನ್ (ಟಿ4ರ ಔಷಧ ರೂಪ) ಶುರು; ಆರಂಭದ ಪ್ರಮಾಣ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ. ಮಾತ್ರೆ ಪುಡಿಮಾಡಿ ಒಂದೆರಡು ಚಮಚ ನೀರು ಅಥವಾ ಎದೆಹಾಲಿನಲ್ಲಿ ಕದಡಿ ಕೊಡಬೇಕು. ಇಡೀ ಬಾಟಲಿ ಹಾಲಿಗೆ ಬೆರೆಸಿದರೆ ಮಗು ಅರ್ಧ ಬಿಟ್ಟಾಗ ಅರ್ಧ ಔಷಧವೂ ಹೋಯಿತು. ಕಬ್ಬಿಣ, ಕ್ಯಾಲ್ಸಿಯಂ, ಸೋಯಾ ಇವು ಔಷಧವನ್ನು ಕರುಳಿನಲ್ಲೇ ತಡೆಹಿಡಿಯುತ್ತವೆ, ಒಟ್ಟಿಗೆ ಕೊಡಬಾರದು. ಮಗು ತೂಕ ಏರಿಸಿಕೊಳ್ಳುವ ವೇಗಕ್ಕೆ ಪ್ರಮಾಣ ಬದಲಾಗಬೇಕಾದ್ದರಿಂದ ಮೊದಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ಒಂದರಿಂದ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಪ್ರತಿ ಭೇಟಿಯಲ್ಲೂ ತಲೆಯ ಸುತ್ತಳತೆ ಅಳೆದು ಬರೆದಿಡುವುದು ಯಾರೂ ತಪ್ಪಿಸಬಾರದ ಕೆಲಸ. ಹೊಲಿಗೆ ಬೇಗ ಬೆಸೆದರೆ ಮೊದಲ ಸುಳಿವು ಆ ಅಳತೆಗಳ ಏರುಗೆರೆ ಚಪ್ಪಟೆಯಾಗುವುದರಲ್ಲಿ, ತಲೆಯ ಆಕಾರ ಬದಲಾಗುವುದರಲ್ಲಿ ಸಿಗುತ್ತದೆ.

ಈ ಜಾಲದಿಂದ ನುಸುಳಿಹೋಗುವ ಮಕ್ಕಳೂ ಇದ್ದಾರೆ. ಆಲ್ಫಾ ಗ್ರಾಹಕದ ಜೀನೇ ಕೆಟ್ಟ ಮಕ್ಕಳನ್ನು ಮೊದಲ ಬಾರಿ ಗುರುತಿಸಿದ್ದು 2012ರಲ್ಲಿ. ಇವರ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ಸಾಮಾನ್ಯ, ಟಿ4 ಸ್ವಲ್ಪ ಕಡಿಮೆ, ಟಿ3 ಸ್ವಲ್ಪ ಹೆಚ್ಚು. ವರದಿಯಲ್ಲಿ ಕೆಂಪು ಗುರುತು ಬೀಳುವಂಥದ್ದೇನೂ ಇಲ್ಲ. ಆದರೆ ದೊಡ್ಡ ತಲೆ, ತಡವಾಗಿ ಮುಚ್ಚಿದ ನೆತ್ತಿ, ತಡವಾದ ಹಲ್ಲು, ಕುಳ್ಳಗಿನ ಮೈ, ಮಲಬದ್ಧತೆ. ರಕ್ತದಲ್ಲಿ ಹಾರ್ಮೋನಿದೆ, ಕೇಳಿಸಿಕೊಳ್ಳುವ ಕಿವಿ ಇಲ್ಲ. ಅಂಕಿ ಸರಿಯಿದ್ದ ಮಾತ್ರಕ್ಕೆ ಸಂಕೇತ ತಲುಪಿದೆ ಎಂದಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಹಣೆ ಬೆಳೆಯಿತು, ಗದ್ದ ಏಕೆ ಬೆಳೆಯಲಿಲ್ಲ

ಮೊದಲು ಹೇಳಿದ ಹತ್ತು ವರ್ಷದ ಮಗುವಿನ ಒಗಟು ಬಿಡಿಸಲು ತಲೆಯ ಎಲುಬು ಬೆಳೆಯುವ ವಿಧಾನ ಗೊತ್ತಿರಬೇಕು. ಬುರುಡೆಯ ಮೇಲ್ಛಾವಣಿ ಪೊರೆಯಲ್ಲೇ ನೇರವಾಗಿ ಎಲುಬಾಗುತ್ತದೆ. ಅದನ್ನು ಹಿಗ್ಗಿಸುವುದು ಒಳಗಿನಿಂದ ತಳ್ಳುವ ಮಿದುಳು. ಆರು ವರ್ಷಕ್ಕೆ ಮಿದುಳು ವಯಸ್ಕ ಗಾತ್ರದ ಶೇ. 90ಕ್ಕೂ ಹೆಚ್ಚು ತಲುಪಿರುತ್ತದೆ, ಅದಕ್ಕೆ ಬೆಳವಣಿಗೆಯ ಹಾರ್ಮೋನಿನ ಹಂಗು ಕಡಿಮೆ. ಬುರುಡೆಯ ತಳ ಹಾಗಲ್ಲ. ಅಲ್ಲಿ ಸ್ಫೀನಾಯ್ಡ್ ಮತ್ತು ಆಕ್ಸಿಪಿಟಲ್ ಎಲುಬುಗಳ ನಡುವೆ ಹದಿಹರೆಯದವರೆಗೂ ತೆರೆದಿರುವ ಮೃದ್ವಸ್ಥಿಯ ಪದರವಿದೆ, ಕಾಲಿನ ಉದ್ದೆಲುಬಿನ ಬೆಳವಣಿಗೆ ಫಲಕದಂತೆಯೇ ಅದು ಕೆಲಸ ಮಾಡುತ್ತದೆ. ಮುಖ ಮುಂದಕ್ಕೆ ಬರಲು ಆ ಪದರ ದುಡಿಯಬೇಕು. ಕೆಳದವಡೆಯ ಕತೆ ಮತ್ತೂ ಬೇರೆ: ಕಿವಿಯ ಮುಂದಿನ ಕೀಲಿನಲ್ಲಿ ಕೂರುವ ಕಾಂಡೈಲ್ ಎಂಬ ತಲೆಯ ಮೇಲೆ ಮೃದ್ವಸ್ಥಿಯ ಟೊಪ್ಪಿಗೆ ಇದೆ. ಬೆಳವಣಿಗೆಯ ಹಾರ್ಮೋನಿಗೂ, ಅದರಿಂದ ಯಕೃತ್ತಿನಲ್ಲಿ ಮತ್ತು ಅಲ್ಲಲ್ಲೇ ಹುಟ್ಟುವ ಐಜಿಎಫ್-1ಗೂ ಅದು ಚುರುಕಾಗಿ ಓಗೊಡುತ್ತದೆ.

ಹಾರ್ಮೋನು ಕೊರತೆಯಾದರೆ ಮೇಲ್ಛಾವಣಿ ಮಿದುಳಿನ ಜೊತೆ ಸಾಗುತ್ತದೆ, ತಳ ಗಿಡ್ಡವಾಗುತ್ತದೆ, ಕಾಂಡೈಲ್ ಹಾಗೂ ಅದರ ಕೆಳಗಿನ ನೆಟ್ಟನೆಯ ಭಾಗ ಎಲ್ಲಕ್ಕಿಂತ ಹೆಚ್ಚು ನರಳುತ್ತದೆ. ಮುಖದ ಹಿಂಭಾಗದ ಎತ್ತರ ಕಡಿಮೆಯಾಗಿ ಕೆಳದವಡೆ ಕೆಳಕ್ಕೂ ಹಿಂದಕ್ಕೂ ತಿರುಗುತ್ತದೆ. ಹಲ್ಲಿನ ಗಾತ್ರ ಮಾತ್ರ ಅಷ್ಟಾಗಿ ಇಳಿಯದ ಕಾರಣ ಇಕ್ಕಟ್ಟು. ಚುಚ್ಚುಮದ್ದಿನ ಚಿಕಿತ್ಸೆ ಶುರುವಾದ ಮೇಲೆ ಕಾಂಡೈಲ್ ಚುರುಕಾಗಿ, ಹಿಂದಿದ್ದ ಗದ್ದ ಮುಂದಕ್ಕೆ ಬರತೊಡಗುತ್ತದೆ. ಹಲ್ಲಿಗೆ ಕ್ಲಿಪ್ ಹಾಕುವ ವೈದ್ಯರು ಇದನ್ನು ಗಮನಿಸದೆ ಹಳೆಯ ಎಕ್ಸ್‌ರೇ ಹಿಡಿದು ಹಲ್ಲು ಕಿತ್ತು ಜಾಗ ಮಾಡಿದರೆ, ಎರಡು ವರ್ಷದ ನಂತರ ಕಚ್ಚು ಬೇರೆಯೇ ಆಗಿರಬಹುದು. ಚುಚ್ಚುಮದ್ದು ಯಾವಾಗ ಶುರುವಾಯಿತು ಎಂದು ಕೇಳಿ, ತಲೆಯ ಪಕ್ಕನೋಟದ ಎಕ್ಸ್‌ರೇ ಹೊಸದಾಗಿ ತೆಗೆಸಿ, ಬೆಳವಣಿಗೆಯ ದಿಕ್ಕು ಕಂಡಮೇಲೆ ಯೋಜನೆ ಹಾಕುವುದೇ ಸರಿ.

ಹಲ್ಲು ತಾನಾಗಿ ಮೇಲೆ ಬರುವುದಿಲ್ಲ

ಹಲ್ಲು ಹುಟ್ಟುವುದು ಬೇರು ಉದ್ದವಾಗಿ ಕಿರೀಟವನ್ನು ಮೇಲಕ್ಕೆ ತಳ್ಳುವುದರಿಂದ ಎಂದು ಬಹುಕಾಲ ನಂಬಲಾಗಿತ್ತು. 1980ರ ದಶಕದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗ ಈ ನಂಬಿಕೆಯನ್ನು ಬುಡಸಮೇತ ಅಲುಗಿಸಿತು. ಹುಟ್ಟಲಿದ್ದ ಹಲ್ಲನ್ನು ತೆಗೆದು, ಅದನ್ನು ಸುತ್ತಿದ್ದ ಚೀಲವನ್ನು ಹಾಗೇ ಬಿಟ್ಟು, ಒಳಗೆ ಹಲ್ಲಿನಾಕಾರದ ಲೋಹದ ತುಂಡು ಇಟ್ಟರು. ಲೋಹವೂ ಮೇಲೆ ಬಂತು. ಚೀಲ ತೆಗೆದರೆ ನಿಜವಾದ ಹಲ್ಲೂ ಬರಲಿಲ್ಲ. ಹಲ್ಲು ಪ್ರಯಾಣಿಕ, ಓಡಿಸುವುದು ಚೀಲ. ದಂತವೈದ್ಯರು ಫಾಲಿಕಲ್ ಎನ್ನುವುದು ಇದಕ್ಕೇ.

ಆ ಚೀಲಕ್ಕೆ ಆದೇಶ ಕೊಡುವುದು ಪಿಟಿಎಚ್‌ಆರ್‌ಪಿ, ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನಿನ ದಾಯಾದಿ. ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನು ದೂರದಿಂದ ಬಂದರೆ ಇದು ಅಲ್ಲಲ್ಲೇ ತಯಾರಾಗುತ್ತದೆ. ಇಬ್ಬರೂ ಹಿಡಿಯುವ ಗ್ರಾಹಕ ಮಾತ್ರ ಒಂದೇ, ಪಿಟಿಎಚ್1ಆರ್. ಬೆಳೆಯುತ್ತಿರುವ ಹಲ್ಲಿನ ಎನಾಮಲ್ ಅಂಗದಿಂದ (ಹಲ್ಲಿನ ಗಟ್ಟಿ ಹೊರಹೊದಿಕೆಯನ್ನು ಹೆಣೆಯುವ ಅಂಗಾಂಶದಿಂದ) ಹೊರಟ ಪಿಟಿಎಚ್‌ಆರ್‌ಪಿ ಚೀಲದ ಜೀವಕೋಶಗಳನ್ನು ಮುಟ್ಟಿದಾಗ ಅವು ರ್‍ಯಾಂಕ್‌ಎಲ್ ಎಂಬ ಸಂಕೇತ ಹೆಚ್ಚಿಸುತ್ತವೆ, ಅದಕ್ಕೆ ಅಡ್ಡ ಬರುವ ಒಪಿಜಿಯನ್ನು ತಗ್ಗಿಸುತ್ತವೆ. ಆಗ ಆಸ್ಟಿಯೋಕ್ಲಾಸ್ಟ್‌ಗಳು ಹುಟ್ಟಿ ಕಿರೀಟದ ಮೇಲಿನ ಎಲುಬನ್ನು ಕರಗಿಸಿ ದಾರಿ ಬಿಡಿಸುತ್ತವೆ. ಅದೇ ಹೊತ್ತಿಗೆ ಚೀಲದ ತಳದ ಕಡೆ ಹೊಸ ಎಲುಬು ತುಂಬಿಕೊಳ್ಳುತ್ತದೆ. ಮೇಲೆ ಕರಗಬೇಕು, ಕೆಳಗೆ ಕಟ್ಟಬೇಕು, ಎರಡೂ ಒಟ್ಟಿಗೆ ಆಗಬೇಕು.

ಇದು ಹೀಗೇ ಎಂದು ಖಾತ್ರಿಯಾದದ್ದು ಇಲಿಗಳಿಂದ. 1994ರಲ್ಲಿ ಪಿಟಿಎಚ್‌ಆರ್‌ಪಿ ಜೀನು ತೆಗೆದ ಇಲಿಮರಿಗಳು ಗುಮ್ಮಟದಂಥ ಬುರುಡೆ, ಮೊಂಡು ಮೂತಿಯೊಂದಿಗೆ ಹುಟ್ಟಿ ಕೂಡಲೇ ಸತ್ತವು. ಮೃದ್ವಸ್ಥಿ ಬೆಳೆಯುವುದಕ್ಕೆ ಮುಂಚೆಯೇ ಎಲುಬಾಗಿಬಿಟ್ಟಿತ್ತು. ಆಮೇಲೆ ಮೃದ್ವಸ್ಥಿಗೆ ಮಾತ್ರ ಪಿಟಿಎಚ್‌ಆರ್‌ಪಿ ಮರಳಿ ಕೊಟ್ಟಾಗ ಇಲಿಗಳು ಬದುಕಿದವು, ಹಲ್ಲುಗಳು ಮಾತ್ರ ದವಡೆಯೊಳಗೇ ಸಿಕ್ಕಿಕೊಂಡವು. ಹಲ್ಲಿನ ಎನಾಮಲ್ ಅಂಗಕ್ಕೂ ಅದನ್ನು ಮರಳಿಸಿದಾಗ ಹಲ್ಲು ಹೊರಬಂತು.

ಮನುಷ್ಯನಲ್ಲಿ ಇದರ ಪ್ರತಿರೂಪ 2008ರಲ್ಲಿ ಸಿಕ್ಕಿತು. ಪಿಟಿಎಚ್1ಆರ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಮೈಯ ಉಳಿದ ಎಲುಬುಗಳು ಸಾಮಾನ್ಯವಾಗಿ ಸುಸೂತ್ರವಾಗಿರುತ್ತವೆ, ಆದರೆ ಹಿಂದಿನ ಹಲ್ಲುಗಳು ಅರ್ಧಕ್ಕೇ ನಿಂತುಬಿಡುತ್ತವೆ. ಮಿಕ್ಕ ಅಂಗಾಂಶಗಳಿಗೆ ಅರ್ಧ ಸಂಕೇತ ಸಾಕು, ಹಲ್ಲಿನ ಚೀಲಕ್ಕೆ ಸಾಲದು. ತಂದೆ ಅಥವಾ ತಾಯಿಯಿಂದ ಅರ್ಧದಷ್ಟು ಮಕ್ಕಳಿಗೆ ದಾಟಬಹುದಾದ ಈ ತೊಂದರೆಯಲ್ಲಿ, ದಾರಿಯಲ್ಲಿ ಎಲುಬು ಇಲ್ಲದಿದ್ದರೂ ಹಲ್ಲು ಏರುವುದಿಲ್ಲ. ಮುಂದಿನ ಹಲ್ಲುಗಳು ಕೂಡಿದರೂ ಹಿಂದಿನವು ಕೂಡದೆ ಬಾಯಿಯ ಪಕ್ಕದಲ್ಲಿ ಕಿಂಡಿ ಉಳಿಯುತ್ತದೆ.

ತಪ್ಪು ನಡೆಯುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಹಲ್ಲು ಏರಿಲ್ಲ, ತಂತಿ ಹಾಕಿ ಎಳೆಯೋಣ ಎನ್ನುವುದು ಸಹಜ ಯೋಚನೆ. ಆದರೆ ಗ್ರಾಹಕ ಕೆಟ್ಟ ಹಲ್ಲು ಎಳೆತಕ್ಕೆ ಓಗೊಡದೆ ಎಲುಬಿಗೇ ಅಂಟಿಕೊಳ್ಳುತ್ತದೆ. ತಂತಿಯ ಬಲ ಎಲ್ಲಿಗಾದರೂ ಹೋಗಲೇಬೇಕಲ್ಲ, ಆಧಾರವಾಗಿ ಹಿಡಿದ ಆರೋಗ್ಯವಂತ ಹಲ್ಲುಗಳೇ ಒಳಕ್ಕೆ ಇಳಿಯುತ್ತವೆ. ಕಿಂಡಿ ಮತ್ತಷ್ಟು ಅಗಲ. ಆದ್ದರಿಂದ ಎಳೆಯುವ ಮುನ್ನ ಗುರುತಿಸಬೇಕು. ಒಂದೇ ಹಲ್ಲು ಎಲುಬಿಗೆ ಅಂಟಿದ್ದರೆ, ಅದನ್ನು ತಟ್ಟಿದಾಗ ಲೋಹ ತಟ್ಟಿದಂಥ ಸದ್ದು ಬರುತ್ತದೆ, ಅದರ ಹಿಂದಿನ ಹಲ್ಲುಗಳು ಸರಿಯಾಗಿ ಏರಿರುತ್ತವೆ. ಗ್ರಾಹಕದ ದೋಷವಿದ್ದರೆ ಸಾಮಾನ್ಯವಾಗಿ ಮೊದಲನೇ ದವಡೆಹಲ್ಲಿನಿಂದ ಶುರುವಾಗಿ ಅದರ ಹಿಂದಿರುವ ಹಲ್ಲುಗಳೂ ತಗ್ಗಿರುತ್ತವೆ. ಮನೆಯಲ್ಲಿ ಇನ್ನೊಬ್ಬರಿಗೆ ಹೀಗಿದೆಯೇ ಎಂದು ಕೇಳಿ, ಅನುಮಾನ ಬಂದರೆ ಜೀನು ಪರೀಕ್ಷೆ ಮಾಡಿಸಿದ ಮೇಲೆ ತಂತಿಯ ಮಾತು. ಖಚಿತವಾದರೆ ಆ ಭಾಗದ ಹಲ್ಲುಗಳನ್ನು ತಂತಿಯಿಂದ ಹೊರಗಿಟ್ಟು, ಬೆಳವಣಿಗೆ ಮುಗಿದ ಮೇಲೆ ಎತ್ತರದ ಕ್ಯಾಪ್ ಹಾಕುವುದು ಅಥವಾ ಎಲುಬಿನ ತುಂಡಿನ ಸಮೇತ ಹಲ್ಲು ಎತ್ತುವ ಶಸ್ತ್ರಚಿಕಿತ್ಸೆ.

ಹಾರ್ಮೋನು ರಕ್ತದ ಮೂಲಕ ಹರಡುವುದರಿಂದ ತೊಂದರೆ ಬಾಯಿಯ ಎರಡೂ ಪಕ್ಕ ಕಾಣಬೇಕು, ಒಂದೇ ಪಕ್ಕದ್ದಾದರೆ ಸ್ಥಳೀಯ ಕಾರಣ ಹುಡುಕಬೇಕು ಎಂಬುದು ಒಳ್ಳೆಯ ಸೂತ್ರ. ಪಿಟಿಎಚ್1ಆರ್ ಆ ಸೂತ್ರವನ್ನೂ ಮುರಿಯುತ್ತದೆ, ಒಂದೇ ಪಕ್ಕ ಕಾಣಿಸಿಕೊಳ್ಳುವುದುಂಟು. ಮಿಕ್ಕಂತೆ ಸೂತ್ರ ಕೆಲಸಕ್ಕೆ ಬರುತ್ತದೆ: ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಬದಿಯದು ಬಾರದಿದ್ದರೆ ಎಕ್ಸ್‌ರೇ ತೆಗೆಸಿ. ಹದಿನೆಂಟು ತಿಂಗಳಾದರೂ ಒಂದೂ ಹಲ್ಲು ಮೂಡದಿದ್ದರೆ ಥೈರಾಯ್ಡ್, ಕ್ಯಾಲ್ಸಿಯಂ, ಫಾಸ್ಫೇಟ್, ವಿಟಮಿನ್ ಡಿ ನೋಡಿಸಿ, ಮಗುವಿನ ಎತ್ತರ ತೂಕದ ಗೆರೆಯನ್ನೂ ಜೊತೆಗಿಟ್ಟು ಓದಿ.

ಎನಾಮಲ್ ಮರೆಯುವುದಿಲ್ಲ

ಎಲುಬು ತನ್ನನ್ನು ತಾನು ಕೆಡವಿ ಕಟ್ಟಿಕೊಳ್ಳುತ್ತದೆ, ಹಳೆಯ ಪೆಟ್ಟನ್ನು ಅಳಿಸಿಹಾಕುತ್ತದೆ. ಎನಾಮಲ್‌ಗೆ ಆ ಭಾಗ್ಯವಿಲ್ಲ. ಅದನ್ನು ದಿನಕ್ಕೆ ಸುಮಾರು 4 ಮೈಕ್ರಾನ್‌ನಂತೆ ಹೆಣೆಯುವ ಜೀವಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೆ ನಾಶವಾಗಿರುತ್ತವೆ. ಹೆಣೆಯುವಾಗ ಕ್ಯಾಲ್ಸಿಯಂ ಕುಸಿದಿದ್ದರೆ ಆ ದಿನಗಳ ಗೆರೆ ಶಾಶ್ವತ. ಮೊದಲನೇ ಶಾಶ್ವತ ದವಡೆಹಲ್ಲಿನ ಕಿರೀಟ ಹುಟ್ಟಿನ ಆಸುಪಾಸಿನಲ್ಲಿ ಶುರುವಾಗಿ ಸುಮಾರು ಮೂರು ವರ್ಷಕ್ಕೆ ಮುಗಿಯುತ್ತದೆ. ಮೇಲಿನ ನಡು ಬಾಚಿಹಲ್ಲು ಮೂರು ನಾಲ್ಕು ತಿಂಗಳಿಗೆ, ಅದರ ಪಕ್ಕದ್ದು ಹತ್ತರಿಂದ ಹನ್ನೆರಡು ತಿಂಗಳಿಗೆ ಶುರು. ಗುಳಿ ಬಿದ್ದ ಪಟ್ಟಿ ದವಡೆಹಲ್ಲಿನ ತುದಿಯಲ್ಲೂ ನಡು ಬಾಚಿಯ ಅಂಚಿನಲ್ಲೂ ಇದ್ದು, ಪಕ್ಕದ ಬಾಚಿ ನುಣುಪಾಗಿದ್ದರೆ ಪೆಟ್ಟು ಬಿದ್ದದ್ದು ಮೊದಲ ವರ್ಷದೊಳಗೆ. ವಿಟಮಿನ್ ಡಿ ಕೊರತೆಯ ರಿಕೆಟ್ಸ್, ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮಾಡದಿರುವುದು ಎರಡೂ ಇಂಥ ಗುರುತು ಬಿಡುತ್ತವೆ.

ಡೆಂಟಿನ್ನಿನಲ್ಲಿ ಓದಬೇಕಾದ ಕಾಯಿಲೆ ಒಂದಿದೆ, ಅದನ್ನು ದಂತವೈದ್ಯರೇ ಮೊದಲು ಕಾಣುವುದು ಎಷ್ಟೋ ಸಲ. ಹುಳುಕಿಲ್ಲ, ಪೆಟ್ಟು ಬಿದ್ದಿಲ್ಲ, ಆದರೂ ಹಾಲುಹಲ್ಲಿನ ಬುಡದಲ್ಲಿ ಕೀವಿನ ಗುಳ್ಳೆ. ಎಕ್ಸ್‌ರೇಯಲ್ಲಿ ತಿರುಳಿನ ಕೋಣೆ ವಿಪರೀತ ದೊಡ್ಡದು, ಅದರ ಕೊಂಬುಗಳು ಎನಾಮಲ್‌ವರೆಗೂ ಚಾಚಿರುತ್ತವೆ. ಎಕ್ಸ್ ವರ್ಣತಂತುವಿನ ಫೆಕ್ಸ್ ಜೀನು ಕೆಟ್ಟಾಗ ಎಲುಬಿನ ಜೀವಕೋಶಗಳು ಎಫ್‌ಜಿಎಫ್23 ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸುತ್ತವೆ, ಮೂತ್ರಪಿಂಡ ಫಾಸ್ಫೇಟನ್ನು ಹೊರಚೆಲ್ಲುತ್ತದೆ, ಕ್ರಿಯಾಶೀಲ ವಿಟಮಿನ್ ಡಿ ತಗ್ಗುತ್ತದೆ. ಡೆಂಟಿನ್ನಿನ ಖನಿಜದ ಉಂಡೆಗಳು ಒಂದಕ್ಕೊಂದು ಕೂಡದೆ ಸಂದು ಉಳಿದು, ಎನಾಮಲ್‌ನ ಕೂದಲೆಳೆಯ ಬಿರುಕಿನಿಂದ ಸೂಕ್ಷ್ಮಜೀವಿಗಳು ನೇರ ತಿರುಳಿಗೆ ಇಳಿಯುತ್ತವೆ. ಕಾಲು ಬಾಗಿರುವುದನ್ನು ನೋಡಿ ಮಾಮೂಲಿ ರಿಕೆಟ್ಸ್ ಎಂದು ವಿಟಮಿನ್ ಡಿ ಮಾತ್ರ ಕೊಡುತ್ತ ಹೋದರೆ ಇದು ವಾಸಿಯಾಗದು. ಇದೇ ಮಕ್ಕಳಲ್ಲಿ ಬುರುಡೆಯ ನಡುಗೆರೆ ಬೇಗ ಬೆಸೆಯುವ ಅಪಾಯವೂ ಇದೆ, ತಲೆನೋವು ಅಂದರೆ ಕಣ್ಣಿನ ನರ ನೋಡಿಸಲೇಬೇಕು. ಫಾಸ್ಫೇಟ್ ದ್ರಾವಣವನ್ನು ದಿನಕ್ಕೆ ಹಲವು ಬಾರಿ ಕ್ಯಾಲ್ಸಿಟ್ರಯಾಲ್ (ಕ್ರಿಯಾಶೀಲ ವಿಟಮಿನ್ ಡಿ) ಜೊತೆ ಕೊಡುವುದು ಹಳೆಯ ದಾರಿ. 2018ರಲ್ಲಿ ಅನುಮೋದನೆ ಪಡೆದ ಬುರೊಸುಮ್ಯಾಬ್ ಎಫ್‌ಜಿಎಫ್23ನ್ನೇ ಹಿಡಿದು ಕಟ್ಟುತ್ತದೆ, ಮಕ್ಕಳಿಗೆ ಎರಡು ವಾರಕ್ಕೊಮ್ಮೆ ಚುಚ್ಚುಮದ್ದು. ಚಿಕಿತ್ಸೆ ಬೇಗ ಶುರುವಾದಷ್ಟೂ ಆಮೇಲೆ ರೂಪುಗೊಳ್ಳುವ ಶಾಶ್ವತ ಹಲ್ಲಿನ ಡೆಂಟಿನ್ ಗಟ್ಟಿ; ಆಗಲೇ ಬಂದಿರುವ ಹಲ್ಲುಗಳ ಮೇಲ್ಮೈಗೆ ಸೀಲೆಂಟ್ ಬಳಿದು ಬಿರುಕು ಮುಚ್ಚುವುದು ಉಪಯುಕ್ತ.

ಪ್ಲಾಸ್ಟಿಕ್ಕಿನ ಆತಂಕದ ಬಗ್ಗೆ ಹೇಳಬೇಕಾದ್ದು ಇಷ್ಟು. ಎನಾಮಲ್ ಹೆಣೆಯುವ ಜೀವಕೋಶಗಳಲ್ಲಿ ಲೈಂಗಿಕ ಹಾರ್ಮೋನುಗಳ ಗ್ರಾಹಕಗಳಿವೆ. ಬಿಸ್‌ಫಿನಾಲ್ ಎ ಉಣಿಸಿದ ಇಲಿಮರಿಗಳ ಬಾಚಿಹಲ್ಲಿನಲ್ಲಿ, ಮಕ್ಕಳ ದವಡೆಹಲ್ಲು ಮತ್ತು ಬಾಚಿಹಲ್ಲುಗಳಲ್ಲಿ ಕಾಣುವ ಬಿಳಿ-ಹಳದಿ ಮಚ್ಚೆಗಳನ್ನು ಹೋಲುವ ದೋಷ ಕಂಡಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಈ ವಸ್ತುವಿನ ಸಹನೀಯ ದೈನಂದಿನ ಮಿತಿಯನ್ನು 20,000 ಪಟ್ಟು ಇಳಿಸಿ ಪ್ರತಿ ಕಿಲೋ ತೂಕಕ್ಕೆ 0.2 ನ್ಯಾನೋಗ್ರಾಂ ಮಾಡಿತು, ಆದರೆ ಅದರ ಆಧಾರ ರೋಗನಿರೋಧಕ ವ್ಯವಸ್ಥೆಯ ಮೇಲಿನ ಪರಿಣಾಮ, ಹಲ್ಲಲ್ಲ. ಇಲಿಯ ಬಾಚಿಹಲ್ಲು ಬದುಕಿಡೀ ಬೆಳೆಯುತ್ತದೆ, ನಮ್ಮದು ಹಾಗಲ್ಲ. ಮಗುವಿನ ಮಚ್ಚೆಯನ್ನು ಬಾಟಲಿಯ ತಲೆಗೆ ಕಟ್ಟುವ ಮುನ್ನ ಮೊದಲ ಮೂರು ವರ್ಷದ ಜ್ವರ, ಅವಧಿಪೂರ್ವ ಹೆರಿಗೆ, ಉಸಿರಾಟದ ಕಾಯಿಲೆಗಳನ್ನು ಕೇಳಬೇಕು. ಬಿಸಿ ಆಹಾರವನ್ನು ಪ್ಲಾಸ್ಟಿಕ್ಕಿನಲ್ಲಿ ಇಡದಿರುವುದು ಹೇಗೂ ಒಳ್ಳೆಯದೇ.

ಹರೆಯ ತೆರೆಯುವ ಬಾಗಿಲು, ಮುಚ್ಚುವ ಬಾಗಿಲು

ಹರೆಯದಲ್ಲಿ ಲೈಂಗಿಕ ಹಾರ್ಮೋನುಗಳು ಬೆಳವಣಿಗೆಯ ಹಾರ್ಮೋನಿನ ಸ್ರವಿಕೆಯನ್ನು ಏರಿಸುತ್ತವೆ, ಮೈಯ ಜೊತೆ ಕೆಳದವಡೆಯೂ ಚಿಮ್ಮುತ್ತದೆ. ಅದೇ ಹಾರ್ಮೋನುಗಳು ಕೊನೆಗೆ ಎಲುಬಿನ ಬೆಳವಣಿಗೆ ಫಲಕವನ್ನು ಮುಚ್ಚುತ್ತವೆ, ಹುಡುಗರಲ್ಲೂ ಮುಚ್ಚುವುದು ಈಸ್ಟ್ರೋಜನ್. 1994ರಲ್ಲಿ ವರದಿಯಾದ, ಈಸ್ಟ್ರೋಜನ್ ಗ್ರಾಹಕ ಕೆಟ್ಟಿದ್ದ 28 ವರ್ಷದ ಗಂಡಸು 204 ಸೆಂಟಿಮೀಟರ್ ಎತ್ತರವಿದ್ದ, ಎಲುಬಿನ ವಯಸ್ಸು 15, ಇನ್ನೂ ಬೆಳೆಯುತ್ತಿದ್ದ. ಅವನ ಟೆಸ್ಟೋಸ್ಟೆರಾನ್ ಸಾಮಾನ್ಯವಾಗಿತ್ತು.

ಒಳಸೇರಿದ ಕೆಳದವಡೆಯನ್ನು ಮುಂದೆ ತರುವ ಉಪಕರಣ ಈ ಚಿಮ್ಮುವಿಕೆಯ ಹೊತ್ತಿಗೆ ಬಾಯಲ್ಲಿರಬೇಕು. ಹುಟ್ಟಿದ ದಿನಾಂಕ ನೋಡಿದರೆ ಅದು ತಿಳಿಯದು, ಹಲ್ಲು ಎಣಿಸಿದರೂ ತಿಳಿಯದು. ಕತ್ತಿನ ಕಶೇರುಗಳು ಹೇಳುತ್ತವೆ: ಪಕ್ಕನೋಟದ ಎಕ್ಸ್‌ರೇಯಲ್ಲಿ ಎರಡನೇ ಮತ್ತು ಮೂರನೇ ಕಶೇರುವಿನ ಕೆಳಅಂಚು ಒಳಬಾಗಿ, ನಾಲ್ಕನೆಯದು ಇನ್ನೂ ಚಪ್ಪಟೆಯಾಗಿದ್ದರೆ ಮುಂದಿನ ಒಂದು ವರ್ಷ ಅಮೂಲ್ಯ. ಹುಡುಗಿ ಮೊದಲ ಬಾರಿ ಮುಟ್ಟಾಗುವ ಹೊತ್ತಿಗೆ ಬೆಳವಣಿಗೆಯ ಉತ್ತುಂಗ ದಾಟಿರುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಿಗುವ ಹೆಚ್ಚುವರಿ ಉದ್ದ ಕೆಲವೇ ಮಿಲಿಮೀಟರ್, ಇದನ್ನು ಪೋಷಕರಿಗೆ ಮೊದಲೇ ಹೇಳಬೇಕು.

ಹರೆಯ ತಡವಾದ ಹುಡುಗರಿಗೆ ಅಲ್ಪ ಪ್ರಮಾಣದ ಟೆಸ್ಟೋಸ್ಟೆರಾನ್ ಕೊಟ್ಟಾಗ ಕೆಳದವಡೆಯ ನೆಟ್ಟನೆಯ ಭಾಗ ಬೆಳೆದಿರುವುದು ನಿಜ. ವಿಡಿಯೋಗಳು ಹಿಡಿದುಕೊಂಡಿರುವ ಎಳೆ ಇದೇ. ಅವು ಬಿಟ್ಟುಬಿಡುವ ಭಾಗ ಎಂದರೆ ಆ ಹುಡುಗರಲ್ಲಿ ಬೆಳವಣಿಗೆಯ ಪದರಗಳು ತೆರೆದಿದ್ದವು, ಹಾರ್ಮೋನು ಕಡಿಮೆಯಿತ್ತು. ಸಹಜ ಹರೆಯದಲ್ಲಿರುವ ಹುಡುಗ ಹೊರಗಿನಿಂದ ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ಅದರ ಒಂದು ಪಾಲು ಮೈಯಲ್ಲೇ ಈಸ್ಟ್ರೋಜನ್ ಆಗಿ ಫಲಕಗಳನ್ನು ಬೇಗ ಮುಚ್ಚುತ್ತದೆ. ಎತ್ತರ ನಿಲ್ಲುತ್ತದೆ, ಸ್ವಂತ ವೃಷಣಗಳ ಕೆಲಸ ಕುಂದುತ್ತದೆ. ಇಪ್ಪತ್ತೈದು ದಾಟಿದವನಲ್ಲಿ ಮುಖದ ಕೊಬ್ಬು, ನೀರು, ಅಗಿಯುವ ಸ್ನಾಯು ಬದಲಾಗಿ ದವಡೆ ಬದಲಾದಂತೆ ಕಾಣಬಹುದು; ಎಲುಬು ಉದ್ದವಾಗಿರುವುದಿಲ್ಲ.

ವಯಸ್ಕರ ದವಡೆಯನ್ನು ನಿಜವಾಗಿ ಬೆಳೆಸುವ ಹಾರ್ಮೋನು ಸ್ಥಿತಿ ಒಂದಿದೆ, ಅದು ಕಾಯಿಲೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಂಟು ಬೆಳವಣಿಗೆಯ ಹಾರ್ಮೋನು ಸುರಿಸುತ್ತಲೇ ಇದ್ದರೆ ಕಾಂಡೈಲ್ ಮತ್ತೆ ಚುರುಕಾಗುತ್ತದೆ, ದವಡೆಯ ಮೇಲ್ಮೈಯಲ್ಲಿ ಎಲುಬು ಪೇರುತ್ತದೆ. 1886ರಲ್ಲಿ ಪಿಯೆರ್ ಮಾರಿ ಇದಕ್ಕೆ ಆಕ್ರೋಮೆಗಲಿ ಎಂದು ಹೆಸರಿಟ್ಟರು. ಹಲ್ಲುಗಳ ನಡುವೆ ಹೊಸದಾಗಿ ಸಂದು, ಕೆಳಹಲ್ಲು ಮೇಲ್ಹಲ್ಲಿನ ಮುಂದೆ ಬರುವುದು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಹೊಂದುತ್ತಿದ್ದ ಕಟ್ಟುಹಲ್ಲು ಹೊಂದದಿರುವುದು. ಉಂಗುರ, ಚಪ್ಪಲಿ ಬಿಗಿಯಾಗಿವೆಯೇ ಎಂದು ಕೇಳಿ, ಹಳೆಯ ಫೋಟೋ ಜೊತೆ ಹೋಲಿಸಿ, ಐಜಿಎಫ್-1 ಪರೀಕ್ಷೆಗೆ ಬರೆದುಕೊಡುವುದು ದಂತವೈದ್ಯರಿಗೆ ಐದು ನಿಮಿಷದ ಕೆಲಸ. ಅದು ಹೆಚ್ಚಿದ್ದರೆ 75 ಗ್ರಾಂ ಗ್ಲೂಕೋಸ್ ಕುಡಿಸಿದ ಮೇಲೂ ಬೆಳವಣಿಗೆಯ ಹಾರ್ಮೋನು ಇಳಿಯದೆ ಉಳಿಯುತ್ತದೆಯೇ ಎಂದು ನೋಡುತ್ತಾರೆ, ಆಮೇಲೆ ಪಿಟ್ಯುಟರಿಯ ಎಂಆರ್‌ಐ. ದವಡೆ ಹಿಂದಕ್ಕೆ ತರುವ ಶಸ್ತ್ರಚಿಕಿತ್ಸೆ ಕೊನೆಗೆ: ಐಜಿಎಫ್-1 ಸಾಮಾನ್ಯಕ್ಕೆ ಬಂದು ಅಲ್ಲೇ ನಿಂತು, ಆರರಿಂದ ಹನ್ನೆರಡು ತಿಂಗಳ ಅಂತರದ ಎರಡು ಎಕ್ಸ್‌ರೇಗಳು ಒಂದರ ಮೇಲೊಂದು ಸರಿಯಾಗಿ ಕೂತ ನಂತರ. ಅದಕ್ಕೆ ಮುಂಚೆ ಕೊಯ್ದರೆ ದವಡೆ ಮತ್ತೆ ಬೆಳೆಯುತ್ತದೆ.